ಎರಡನೇ ಮುಖವಾಡದ ಅಳತೆ

ಸೋಮವಾರ, ಮಧ್ಯಾಹ್ನ ಮೂರು ಗಂಟೆ

ಏನ್ರೀ,

ನಿನ್ನೆ ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ತೂರಿಸಿ ಹೋದ ನಿಮ್ಮ ಚೀಟಿ ಸಿಕ್ಕಿತು. ‘ಮನೆಗೆ ಬರಲಾ?’ ಹನ್ನೊಂದು ತಿಂಗಳ ಮೇಲೆ ಗಂಡನಾದವನು ಹೆಂಡತಿಗೆ ಬರೆದದ್ದು ಎರಡೇ ಪದ. ಬಾಗಿಲವರೆಗೆ ಬಂದವರು ಬಾಗಿಲು ತಟ್ಟಲಿಲ್ಲ. ಒಳಗೇ ಇದ್ದೆ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಎಡಗಾಲು ಊರುವಾಗ ನೀವು ಒಂದು ಕ್ಷಣ ತಡೆಯುತ್ತೀರಿ, ಆ ಸದ್ದು ಬೇರೆ ಯಾರದೂ ಅಲ್ಲ. ನಾನೂ ಬಾಗಿಲು ತೆಗೆಯಲಿಲ್ಲ.

‘ಬನ್ನಿ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಆದರೆ ಮೊದಲು ನನಗೊಂದು ವಿಷಯ ಗೊತ್ತಾಗಬೇಕು. ಆ ಎರಡು ಪದ ನಿಮ್ಮವೋ, ಯಜಮಾನರು ಹೇಳಿ ಬರೆಸಿದ್ದೋ?

ಲೋಕದ ಹೆಂಗಸರಿಗೆಲ್ಲ ಯಜಮಾನರೆಂದರೆ ಗಂಡ. ನಮ್ಮ ಕಂಪನಿಯಲ್ಲಿ ಮಾತ್ರ ಆ ಪದ ಪ್ರದರ್ಶನ ಕುಸ್ತಿ ನಡೆಸುವ ಆ ಮನುಷ್ಯನಿಗೆ ಮೀಸಲು. ಮದುವೆಯ ಹೊಸದರಲ್ಲಿ ಇದು ನಮಗೆ ದೊಡ್ಡ ತಮಾಷೆಯಾಗಿತ್ತು. ಈಗ ನಗು ಬರುವುದಿಲ್ಲ.

ನನ್ನ ತಲೆಯೊಳಗೆ ಹುಳ ಹೊಕ್ಕಿದ್ದು ಮೂರು ವಾರದ ಹಿಂದೆ, ಒಂದು ಮಂಗಳವಾರ. ಹೊಲಿಗೆ ಕೋಣೆ ನಿಮಗೆ ಗೊತ್ತಲ್ಲ, ಗ್ಯಾಲರಿ ಮೆಟ್ಟಿಲಿನ ಕೆಳಗೆ, ತಲೆ ತಗ್ಗಿಸಿ ಬರಬೇಕು. ಯಜಮಾನರು ಅಲ್ಲಿಗೆ ಬಂದವರಲ್ಲ, ಏನು ಬೇಕಾದರೂ ರಿಂಗಿನಲ್ಲಿ ಆಟ ಸಾರುವ ಘೋಷಣೆಯ ತಾತನ ಕೈಲಿ ಹೇಳಿ ಕಳಿಸುತ್ತಿದ್ದರು. ಅವತ್ತು ತಾವೇ ತಲೆ ತಗ್ಗಿಸಿ ಬಂದು, ಮಷೀನಿನ ಮೇಲೆ ಒಂದು ಅಳತೆ ಚೀಟಿ ಇಟ್ಟರು. ರಿಂಗಿನಲ್ಲಿ ನೀವು ‘ಮೌನಿ’ಯಾಗಿ ತೊಡುವ ನಿಮ್ಮದೇ ಮುಖವಾಡ, ಅದೇ ಬೂದು ಬಟ್ಟೆ, ಬಾಯಿಯ ಮೇಲೆ ಅದೇ ಕಪ್ಪು ದಾರದ ಏಳು ಅಡ್ಡ ಹೊಲಿಗೆ. ಆದರೆ ತಲೆಯ ಸುತ್ತಳತೆ ಇಪ್ಪತ್ತೆರಡು ಇಂಚು.

ನಿಮ್ಮದು ಇಪ್ಪತ್ನಾಲ್ಕು. ಮದುವೆಯ ದಿನ ಪೇಟ ಸಿಗದೆ ಮೂರು ಅಂಗಡಿ ಸುತ್ತಿದ ತಲೆ ಅದು.

ಇದು ಯಾರಿಗೆ ಎಂದು ಕೇಳಿದೆ. “ಮೌನಿಗೇ ಕಣಮ್ಮ. ಒಗೆದು ಒಗೆದು ಹಳೇದು ಕುಗ್ಗಿದೆ,” ಅಂದರು. ಕುಗ್ಗಿದ್ದರೆ ದೊಡ್ಡದು ಹೊಲಿಸುತ್ತಾರೆಯೇ, ಚಿಕ್ಕದು ಹೊಲಿಸುತ್ತಾರೆಯೇ? ಕಿವಿಗೆ ಹೂವಿಡುವವರು ಕನಿಷ್ಠ ಕಿವಿ ಎಲ್ಲಿದೆ ಎಂದಾದರೂ ನೋಡಬೇಡವೇ! ಬಾಯಿ ಮುಚ್ಚಿಕೊಂಡು ಹೊಲಿದೆ. ನಾನು ಬಾಯಿ ಮುಚ್ಚಿಕೊಂಡೆ ಎಂದರೆ ನೀವು ನಂಬಲಾರಿರಿ.

ಆ ಮನುಷ್ಯನ ಬಗ್ಗೆ ನಾನು ಹಿಂದೆ ಹೀಗೆ ಯೋಚಿಸಿದವಳಲ್ಲ. ಐದು ವರ್ಷದ ಹಿಂದೆ ನಿಮ್ಮನ್ನೂ ಇನ್ನೂ ಆರು ಮಂದಿಯನ್ನೂ ತಾಲೀಮು ಹಾಲಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದು ಗಂಟೆ ಹೊತ್ತು ಸುಮ್ಮನೆ ನೋಡಿದರು. ಕೈಯಲ್ಲಿದ್ದ ಚಹಾ ಆರಿ ತಣ್ಣಗಾಯಿತು. ನಾನು ಮೂಲೆಯಲ್ಲಿ ಚಡ್ಡಿಗಳಿಗೆ ಎಲಾಸ್ಟಿಕ್ ಹಾಕುತ್ತಿದ್ದೆ. ಒಬ್ಬ ಸಣಕಲನಿಗೆ ಯಾವ ಪಟ್ಟೂ ಬರುತ್ತಿರಲಿಲ್ಲ. ಅವನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ಇವರು ಅವನಿಗೊಂದು ಟೈ ಕಟ್ಟಿಸಿ, ಕಿವಿಯ ಮೇಲೆ ಪೆನ್ನು ಸಿಕ್ಕಿಸಿ, ‘ಗುಮಾಸ್ತ’ ಎಂದು ಹೆಸರಿಟ್ಟರು. “ಮುಖ ನೋಡಿ ಇವಂದು. ಕೌಂಟರಿನ ಹಿಂದೆ ಕೂತು ‘ನಾಳೆ ಬನ್ನಿ’ ಅನ್ನೋ ಮುಖ. ಇವನು ಏನೂ ಮಾಡೋದು ಬೇಡ, ನಡ್ಕೊಂಡು ಬಂದ್ರೆ ಸಾಕು, ಜನ ಬೈತಾರೆ.” ಹಾಗೇ ಆಯಿತು. ಇವತ್ತಿಗೂ ಗುಮಾಸ್ತ ಹಗ್ಗ ದಾಟಿ ರಿಂಗಿಗೆ ಕಾಲಿಡುವ ಮೊದಲೇ ಅಜ್ಜಿಯರು ಎದ್ದು ನಿಂತು ಶಾಪ ಹಾಕುತ್ತಾರೆ.

ಆಮೇಲೆ ನಿಮ್ಮ ಸರದಿ. ಮೈಕು ಕೊಟ್ಟು ಎದುರಾಳಿಗೆ ಸವಾಲು ಹಾಕು ಎಂದರು. ‘ನ, ನ, ನ’ ಎನ್ನುತ್ತಲೇ ನಿಂತಿರಿ. ಉಳಿದ ಆರೂ ಜನ ನಕ್ಕರು. ಯಜಮಾನರು ನಗಲಿಲ್ಲ. ನನ್ನ ಕಡೆ ತಿರುಗಿ, “ಏನಮ್ಮಾ, ಇವನ ಬಾಯಿ ಹೊಲೀತೀಯಾ?” ಎಂದರು. ಹೊಲಿದೆ. ಮೊದಲ ಆಟದಲ್ಲಿ ನೀವು ಆ ಮುಖವಾಡ ತೊಟ್ಟು ಸುಮ್ಮನೆ ನಡೆದು ಬಂದಾಗ ಇಡೀ ಸಭೆ ಉಸಿರು ಬಿಗಿಹಿಡಿಯಿತು. ಮಾತು ಬಾರದವನು ಎಂದು ಯಾರಿಗೂ ಅನ್ನಿಸಲಿಲ್ಲ, ಮಾತು ಬೇಡವಾದವನು ಎನ್ನಿಸಿತು. ನಿಮ್ಮ ದಮ್ಮು ಆರು ನಿಮಿಷಕ್ಕೆ ಮುಗಿಯುತ್ತದೆಂದು ಕಂಡುಕೊಂಡು ಐದು ನಿಮಿಷದಲ್ಲಿ ಆಟ ಮುಗಿಸುತ್ತಿದ್ದರು. ಎಡಭುಜ ಸೋಲುತ್ತದೆಂದು ಎಲ್ಲರನ್ನೂ ಬಲಗಡೆಯಿಂದಲೇ ಎತ್ತಿಸುತ್ತಿದ್ದರು. ಎದುರಾಳಿ ಸುತ್ತ ಓಡಬೇಕು, ನೀವು ಕಂಬದ ಹಾಗೆ ನಿಲ್ಲಬೇಕು. ನೋಡುವವರಿಗೆ ನೀವು ಬೆಟ್ಟ. ಆಗ ನಾನು ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈ ಮುಗಿದಿದ್ದೆ.

ಮುಖವಾಡ ಕಳಚಿದ ಮೇಲೂ ಮಾತಾಡಕೂಡದು ಎಂದಾಗ ಮಾತ್ರ ಯಾಕೋ ಸರಿಬರಲಿಲ್ಲ. ಬಸ್ಸಿನಲ್ಲಿ ಬೇಡ, ಕ್ಷೌರದಂಗಡಿಯಲ್ಲಿ ಬೇಡ, ಯಾರಾದರೂ ಗುರುತು ಹಿಡಿದರೆ ಮೌನಿಯ ಬೆಲೆ ಹೋಗುತ್ತದೆ ಎಂದರು. ನೀವು ಹಣ್ಣಿನಂಗಡಿಯಲ್ಲಿ ಬೆರಳು ತೋರಿಸಿ ಬಾಳೆಹಣ್ಣು ಕೊಳ್ಳಲು ಶುರುಮಾಡಿದಿರಿ. ಬರಬರುತ್ತಾ ಮನೆಯಲ್ಲೂ ಅದೇ. ಉಪ್ಪು ಬೇಕಾದರೆ ಉಪ್ಪಿನ ಡಬ್ಬಿ ನೋಡುತ್ತಿದ್ದಿರಿ.

ಹನ್ನೊಂದು ತಿಂಗಳ ಹಿಂದೆ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ನೀವು ತಾಲೀಮು ಹಾಲಿನ ಬಳಿ ಬೇರೆ ಕೋಣೆ ಕೇಳಿದ್ದೀರಿ ಎಂದರು. “ಅವನಿಗೆ ಮನೇಲಿ ಗಲಾಟೆ ಜಾಸ್ತಿಯಂತೆ.” ಮನೆಯಲ್ಲಿ ಇದ್ದದ್ದು ನಾವಿಬ್ಬರೇ, ಅದರಲ್ಲಿ ಒಬ್ಬರು ಮೌನಿ. ಗಲಾಟೆ ಯಾರೆಂದು ತಿಳಿಯಲು ಜಾಣತನ ಬೇಕಿರಲಿಲ್ಲ. ರೋಷಕ್ಕೆ ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ನೀವು ಟ್ರಂಕು ಹೊತ್ತುಕೊಂಡು ಹೋದಿರಿ. ನಾನು ಕಿಟಕಿಯಲ್ಲೂ ನಿಲ್ಲಲಿಲ್ಲ. ಆಮೇಲೆ ನಿಮ್ಮ ಬಟ್ಟೆಗಳಷ್ಟೇ ತಾತನ ಕೈಲಿ ಹೊಲಿಗೆ ಕೋಣೆಗೆ ಬರುತ್ತಿದ್ದವು, ನೀವು ಬರುತ್ತಿರಲಿಲ್ಲ.

ನಿಮಗೆ ಅವರು ಹೇಳಿದ್ದೇ ಬೇರೆ ಎಂದು ಗೊತ್ತಾದದ್ದು ಹೋದ ಗುರುವಾರ. ಘೋಷಣೆಯ ತಾತ ತನ್ನ ಕೆಂಪು ಕೋಟಿಗೆ ಗುಂಡಿ ಹಾಕಿಸಲು ಬಂದವನು ಮಾತಿಗೆ ಮಾತು ಬಂದು, “ನೀನೇ ಅಂದ್ಯಂತಲ್ಲಮ್ಮ, ಈ ಮೂಗನ ಜೊತೆ ಸಂಸಾರ ಮಾಡೋಕಾಗಲ್ಲ ಅಂತ. ಪಾಪ, ಅವನು ಅದನ್ನ ಕೇಳಿ ಎರಡು ದಿನ ಊಟ ಮಾಡಲಿಲ್ಲ,” ಎಂದ.

ಸುಳ್ಳು ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ, ಯಾಕೆಂದರೆ ನಾನು ಅಂದಿದ್ದೆ. ಒಂದು ದಿನ ಬಾಬಿನ್ನಿನಲ್ಲಿ ದಾರ ಸಿಕ್ಕಿಹಾಕಿಕೊಂಡು ತಲೆ ಕೆಟ್ಟಾಗ, ಕೋಣೆಯಲ್ಲಿ ಒಬ್ಬಳೇ ಇದ್ದೇನೆಂದುಕೊಂಡು ಮಷೀನಿಗೆ ಹೇಳಿದ ಮಾತದು. ಹೊರಗೆ ಯಾರು ನಿಂತಿದ್ದರೋ. ಕೋಪದಲ್ಲಿ ಅಂದದ್ದನ್ನು ಯಾರೋ ಜೋಪಾನವಾಗಿ ಎತ್ತಿಟ್ಟುಕೊಂಡು, ಬೇಕಾದಾಗ ನಿಮ್ಮ ಮುಂದೆ ಹಾಕಿದ್ದಾರೆ. ನನ್ನ ತಪ್ಪೇ. ಆದರೆ ಮೌನಿಗೆ ಹೆಂಡತಿ ಇರಕೂಡದು, ಅವನು ಒಂಟಿಯಾಗಿದ್ದರೇ ಚೆಂದ ಎಂದು ಯಾರಿಗೆ ಅನ್ನಿಸಿತ್ತೋ, ಆ ಮಾತಿನಿಂದ ಅನುಕೂಲವಾದದ್ದು ಅವರಿಗೇ.

ಅಷ್ಟರಲ್ಲಿ ಎರಡನೇ ಚೀಟಿಯೂ ಬಂದಿತ್ತು. ಹಳದಿ ಕೋಟು, ತಟ್ಟೆಯಗಲದ ಗುಂಡಿಗಳು, ಮೊಣಕಾಲಿನವರೆಗೆ ಜೋಲುವ ಜೇಬು. ಸರ್ಕಸ್ಸಿನ ವಿದೂಷಕ ಹಾಕುವಂಥದ್ದು. ಎದೆಯಳತೆ ನಲವತ್ತೆಂಟು. ಕಂಪನಿಯಲ್ಲಿ ಆ ಎದೆ ಒಂದೇ ಇರುವುದು. ಎರಡೂ ಚೀಟಿ ಪಕ್ಕಪಕ್ಕ ಇಟ್ಟುಕೊಂಡೆ. ನಿಮ್ಮ ಮುಖವಾಡ ಚಿಕ್ಕ ತಲೆಯವನಿಗೆ, ಕೋಡಂಗಿಯ ಕೋಟು ನಿಮಗೆ.

ಶುಕ್ರವಾರ ನೇರ ಅವರ ಕೋಣೆಗೇ ಹೋದೆ. ಅವರು ಬಚ್ಚಿಡಲಿಲ್ಲ, ಕುರ್ಚಿ ಎಳೆದು ಕೂರಿಸಿದರು. “ಅವನ ಮೊಣಕಾಲು ಹೋಗಿದೆ ಕಣಮ್ಮ. ಬೆಟ್ಟ ಕುಂಟಬಾರದು. ಆ ಹೊಸ ಹುಡುಗ ಬೆಟ್ಟ ಆಗ್ತಾನೆ. ಇವನು ಮಾತಾಡಲಿ, ಜನ ನಗಲಿ. ನಗಿಸೋಕೆ ಮೊಣಕಾಲು ಬೇಡ.”

“ಅವರ ಉಗ್ಗಿಗೆ ಜನ ನಗಬೇಕಾ?” ಹೊರಗಿನವರಿಗೂ ಕೇಳುವ ಹಾಗೆ ಕೂಗಾಡಿದೆ.

“ಐದು ವರ್ಷದ ಹಿಂದೆ ಅದನ್ನ ಮುಚ್ಚಿಟ್ಟೆ. ಈಗ ತೆಗೆದು ತೋರಿಸ್ತೀನಿ. ಮನುಷ್ಯನಲ್ಲಿ ಎಸೆಯೋಂಥದ್ದು ಏನೂ ಇರಲ್ಲ.”

ಮೊಣಕಾಲಿನ ಸಂಗತಿ ಅವರಿಗೆ ಯಾರು ಹೇಳಿದರು ಎಂದು ಕೇಳಿದೆ. ಅವರು ನನ್ನ ಕಡೆಗೇ ಬೆರಳು ತೋರಿಸಿದರು. ಹೌದು ರೀ, ನಾನೇ ಹೇಳಿದ್ದು. ನಿಮ್ಮ ಉಡುಪಿನ ಎಡಗಾಲಿನೊಳಗೆ ಯಾರಿಗೂ ಕಾಣದ ಹಾಗೆ ಪಟ್ಟಿ ಹೊಲಿಸಿಕೊಂಡಿರಲ್ಲ, ಅದರ ಮರುದಿನವೇ ಹೇಳಿದೆ. ಆಟದ ಕೊನೆಯಲ್ಲಿ ಎತ್ತರದಿಂದ ಹಾರುವ ಪಟ್ಟು ಇನ್ನು ಕೊಡಬೇಡಿ ಎಂದು ಬೇಡಿಕೊಳ್ಳಲು ಹೋಗಿದ್ದೆ. ಅವರು ಹಾರುವುದನ್ನು ನಿಲ್ಲಿಸಿದರು, ನಿಜ. ಆದರೆ ಅವರ ಹತ್ತಿರ ಹೇಳಿದ ಮಾತು ಹೇಳಿದಷ್ಟಕ್ಕೇ ನಿಲ್ಲುವುದಿಲ್ಲ.

ಆಟದಲ್ಲಿ ಯಾರು ಗೆಲ್ಲಬೇಕೆಂದು ಅದೇ ದಿನ ಮಧ್ಯಾಹ್ನ ಹೇಳುವುದು ಅವರ ಪದ್ಧತಿ. ನಿಮಗೆ ಏನೂ ಗೊತ್ತಿರಲಾರದು ಎಂದುಕೊಂಡು, ಹಳದಿ ಕೋಟಿನ ಜೇಬಿನ ಲೈನಿಂಗಿನೊಳಗೆ ಒಂದು ಚೀಟಿ ಇಟ್ಟು ಹೊಲಿದೆ. ‘ಮೈಕು ಕೊಟ್ಟರೆ ಮುಟ್ಟಬೇಡಿ. ನಗಿಸಲು ಕೊಡುತ್ತಿದ್ದಾರೆ.’ ಒಳಗೆ ಏನಾದರೂ ಗಟ್ಟಿಯಾಗಿದ್ದರೆ ಬೆರಳಿಂದ ಹಿಸುಕಿ ನೋಡದೆ ನೀವು ಯಾವ ಬಟ್ಟೆಯನ್ನೂ ಹಾಕಿದವರಲ್ಲ.

ಶನಿವಾರ ಸಂಜೆ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಇಬ್ಬರು ಮೌನಿಯರು ಎದುರುಬದುರು ನಿಂತಾಗ ಜನಕ್ಕೆ ಹುಚ್ಚೇ ಹಿಡಿಯಿತು. ಸೋತವನು ಮುಖವಾಡ ಬಿಚ್ಚಬೇಕು ಎಂದು ತಾತ ಸಾರಿದ. ನೀವು ಸೋತಿರಿ. ಮುಖವಾಡ ಬಿಚ್ಚಿದಾಗ ನನಗೇ ಗುರುತು ಸಿಗಲಿಲ್ಲ, ಗಡ್ಡ ಅಷ್ಟು ನರೆತಿದೆ. ಗುಮಾಸ್ತ ಬಂದು ಹಳದಿ ಕೋಟು ತೊಡಿಸಿ, ಮೈಕು ಹಿಡಿಸಿದ. ‘ನ, ನ, ನ’ ಎಂದಿರಿ. ಸಭೆಗೆ ಸಭೆಯೇ ನಕ್ಕಿತು. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡೆ.

ನೀವು ಮೈಕು ಬಿಡಲಿಲ್ಲ. ನಗು ಇಳಿಯುವವರೆಗೂ ನಿಂತಿರಿ. “ನಗಿ, ನಗಿ. ನನಗೇನೂ ಅ-ಅರ್ಜೆಂಟಿಲ್ಲ. ಐದು ವರ್ಷ ಕಾ-ಕಾದಿದೀನಿ.” ಜನ ಮತ್ತೆ ನಕ್ಕರು. ಆ ನಗು ಮೊದಲಿನದಲ್ಲ, ನನಗೆ ವ್ಯತ್ಯಾಸ ತಿಳಿಯುತ್ತದೆ. ಆಮೇಲೆ ಅಂದಿರಲ್ಲ, “ಮನೇಲಿ ಹೆಂಡತಿ ಇದಾಳೆ. ನಾನು ಒಂದು ಮಾ-ಮಾತು ಶುರು ಮಾಡೋಷ್ಟರಲ್ಲಿ ಅವಳು ಅದನ್ನ ಮುಗಿಸಿ, ಅದಕ್ಕೆ ಜಗಳಾನೂ ಮಾಡಿ, ಮುನಿಸ್ಕೊಂಡು ಮ-ಮಲಗಿರ್ತಾಳೆ!”

ಪಕ್ಕದ ಹೆಂಗಸು ನಗುತ್ತಾ ನನ್ನ ತೊಡೆಗೆ ಹೊಡೆದಳು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಿಮ್ಮ ಮಾತನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಮನೆಯಲ್ಲಿ ನಾನು ಯಾವತ್ತು ಮುಗಿಸಲು ಬಿಟ್ಟಿದ್ದೆ?

ಹೊರಗೆ ಬಂದು ಬಸ್ಸಿಗೆ ನಿಂತಾಗ ನಗು ಆರಿತು, ಹುಳ ಮತ್ತೆ ಹೊರಳಿತು. ಆ ಮಾತುಗಳನ್ನು ಕಟ್ಟಿದವರು ಯಾರು? ಇವತ್ತು ಬೆಳಿಗ್ಗೆ ಕೋಟು ಗುಂಡಿ ಕಿತ್ತು ನನ್ನ ಮಷೀನಿಗೆ ವಾಪಸ್ಸು ಬಂತು. ಮೊದಲು ಜೇಬು ತಿರುಗಿಸಿ ನೋಡಿದೆ. ಲೈನಿಂಗು ಬಿಚ್ಚಿ, ಚೀಟಿ ತೆಗೆದು, ಕಪ್ಪು ದಾರದಲ್ಲಿ ವಕ್ರವಕ್ರವಾಗಿ ಮತ್ತೆ ಹೊಲಿದಿದ್ದರು. ಅದು ನಿಮ್ಮ ಕೈ. ನಿಮ್ಮ ಕಾಲುಚೀಲಗಳ ಮೇಲೆ ಆ ಹೊಲಿಗೆ ನೋಡಿ ಎಷ್ಟು ಸಲ ಬೈದಿಲ್ಲ!

ಅಂದರೆ ನನ್ನ ಎಚ್ಚರಿಕೆ ಓದಿಯೂ ನೀವು ಮೈಕು ಹಿಡಿದಿರಿ. ಹಾಗಾದರೆ ಅದು ನಿಮ್ಮದೇ ಯೋಚನೆಯೇ? ಬಾಯಿ ಹೊಲಿದುಕೊಂಡು ಸಾಕಾಯಿತು, ಬಿಚ್ಚಿಬಿಡಿ ಎಂದು ನೀವೇ ಅವರನ್ನು ಕೇಳಿದಿರಾ? ಅಥವಾ ನೀವೇ ಕೇಳಿದಿರಿ ಎಂದು ನಿಮಗನ್ನಿಸುವ ಹಾಗೆ ಅವರು ಮಾಡಿದರಾ? ಒಂಟಿ ಮೌನಿಗೆ ಹೆಂಡತಿ ಬೇಡವಾಗಿತ್ತು. ಹೆಂಡತಿಯ ಮೇಲೆ ನಗೆಚಟಾಕಿ ಹಾರಿಸುವವನಿಗೆ ಹೆಂಡತಿ ಬೇಕೇ ಬೇಕು. ಶನಿವಾರ ಆಟ, ಭಾನುವಾರ ಬೆಳಿಗ್ಗೆ ‘ಮನೆಗೆ ಬರಲಾ?’ ನನ್ನ ಜಾಗದಲ್ಲಿ ನೀವಿದ್ದರೆ ಏನೆಂದುಕೊಳ್ಳುತ್ತಿದ್ದಿರಿ?

ಬೆಳಗಿನಿಂದ ಯೋಚಿಸಿ ಸುಸ್ತಾಯಿತು. ಯಾರ ಮಾತೆಂದು ಕಾಗದದಲ್ಲಿ ಕೇಳಿದರೆ ಉತ್ತರವೂ ಕಾಗದದಲ್ಲಿ ಬರುತ್ತದೆ, ಅದನ್ನೂ ನಾನು ನಂಬುವುದಿಲ್ಲ. ಅದಕ್ಕೇ ಬುಧವಾರ ಬನ್ನಿ. ಆಟವಿಲ್ಲದ ದಿನ. ಬಾಗಿಲು ತಟ್ಟಿ, ನಡುಮನೆಯಲ್ಲಿ ಕೂತು, ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡು ಹೇಳಿ. ನಡುವೆ ನಾನು ಬಾಯಿ ಹಾಕುವುದಿಲ್ಲ. ಹಾಕಿದರೆ ಎದ್ದು ಹೋಗಿ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ. ಗಡ್ಡ ತೆಗೆಯಿರಿ.

ಇಂತಿ,
ನಿಮ್ಮ ಬಾಯಿಬಡಕಿ

ತಾ.ಕ.: ಕೋಟು ತಂದುಕೊಟ್ಟವರು ಯಾರೆಂದು ಮೇಲೆ ಬರೆಯಲಿಲ್ಲ. ಯಜಮಾನರೇ. ಶುಕ್ರವಾರ ಅವರ ಕೋಣೆಯಲ್ಲಿ ನಾನು ಕೂಗಾಡಿದ್ದನ್ನು ಕೇಳಿದಾಗಿನಿಂದ ಅವರಿಗೆ ನಿದ್ದೆ ಬಂದಿಲ್ಲವಂತೆ. ಇಂಥ ಗಂಟಲು, ಇಂಥ ನಾಲಿಗೆ ಹೊಲಿಗೆ ಕೋಣೆಯಲ್ಲಿ ಹಾಳಾಗಬಾರದಂತೆ. ಮುಂದಿನ ಶನಿವಾರ ಲಟ್ಟಣಿಗೆ ಹಿಡಿದು ರಿಂಗಿಗೆ ಬಂದು ನಿಮ್ಮನ್ನು ಎಲ್ಲರೆದುರು ಬಯ್ಯುತ್ತೀಯಾ ಎಂದು ಕೇಳಿದರು. ಆಗುವುದಿಲ್ಲ ಎಂದು ಇನ್ನೂ ಹೇಳಿಲ್ಲ. ಹಸಿರು ಸ್ಯಾಟಿನ್ ಸ್ವಲ್ಪ ಮಿಕ್ಕಿತ್ತು. ನನ್ನ ಅಳತೆ ತೆಗೆದಿಟ್ಟಿದ್ದೇನೆ, ಅಷ್ಟೆ.