ತಿರುಗಿ ಎಸೆಯದ ಚೆಂಡು

ಏಪ್ರಿಲ್ 23, ಭಾನುವಾರ

ಯಾಕೆ ಎಸೆಯಲಿಲ್ಲ ನಾನು?

ಇವತ್ತಿನ ಬೇಸ್‌ಬಾಲ್ ಆಟದಲ್ಲಿ ಎದುರಾಳಿ ಹೋಮ್ ರನ್ ಹೊಡೆದ; ಮೈದಾನ ದಾಟಿದ ಚೆಂಡು ಗ್ಯಾಲರಿಯಲ್ಲಿದ್ದ ನನ್ನ ಕೈಗೇ ನೇರ ಬಂತು. ಅವರ ಚೆಂಡನ್ನು ಮೈದಾನಕ್ಕೇ ತಿರುಗಿ ಬಿಸಾಡುವುದು ನಮ್ಮ ಗ್ಯಾಲರಿಯ ಮರ್ಯಾದೆ. ನಮ್ಮ ತಂಡ ಬರೀ ಸೋಲುತ್ತಿದ್ದ ನಲವತ್ತು ವರ್ಷ ನಮಗಿದ್ದದ್ದು ಅದೊಂದೇ ಗೆಲುವು.

"ಬಿಸಾಕೋ ವಾಲ್ಟ್!" ಅಷ್ಟೂ ವರ್ಷ ಪಕ್ಕದಲ್ಲೇ ಕೂತ ಲೊರೇನ್ ಒಬ್ಬಳೇ ಕೂಗಿದಳು. ಹೋದ ವರ್ಷ ತಂಡ ಚಾಂಪಿಯನ್ ಆದ ಮೇಲೆ ಬಂದ ಹೊಸಬರು ಫೋನ್ ಎತ್ತಿ ಹಿಡಿದಿದ್ದರು.

"ಇಟ್ಕೊಳ್ಳಿ ತಾತ, ನೆನಪಿಗಿರ್ಲಿ! ಹೇಗಿದ್ರೂ ಗೆಲ್ಲೋದು ನಾವೇ!"

ನಾವಂತೆ.

ಚೆಂಡನ್ನು ಜೇಬಿಗಿಳಿಸಿದೆ. ಫೋನುಗಳಿಗಾಗಿ ನಕ್ಕೆ ಕೂಡ, ಥೂ.

"ನೀನೂನಾ?" ಎಂದು ಲೊರೇನ್ ಎದ್ದು ಹೋದಳು. ಎಂಥ ಸೋಲಿನಲ್ಲೂ ಆಟ ಮುಗಿಯುವ ಮೊದಲು ಎದ್ದವಳಲ್ಲ ಅವಳು.

ಚೆಂಡು ಮೇಜಿನ ಮೇಲಿದೆ. ಕಿಟಕಿಯಿಂದಲಾದರೂ ಎಸೆಯೋಣವೆಂದು ಮೂರು ಸಲ ಎತ್ತಿದೆ. ಮೂರು ಸಲವೂ ಒರೆಸಿ ಅಲ್ಲೇ ಇಟ್ಟೆ.