ಹತ್ತರ ಐದನೇ ಘಾತ

ಹಡಪಸರ, ಪುಣೆ
೧೪ ಅಕ್ಟೋಬರ್ ೧೯೯೮

ಪ್ರೀತಿಯ ಅವ್ವಾ,

ಸೀಮೆಸುಣ್ಣದ ಪುಡಿಗೆ ಬರುವ ನಿನ್ನ ಕೆಮ್ಮು ಹೇಗಿದೆ? ಒಂಬತ್ತನೇ ತರಗತಿಯವರು ಇನ್ನೂ ನಿನ್ನ ಗಂಟಲು ಹರಿಯುವಂತೆ ಕೂಗಿಸುತ್ತಾರೋ? ಬಿಸಿನೀರು ಕುಡಿ. ಮೊದಲೇ ಹೇಳಿಬಿಡುತ್ತೇನೆ, ಕೂಸು ಆರಾಮ ಇದೆ! ಈಗ ನಡೆದದ್ದನ್ನು ಕೇಳು.

ನಾಲ್ಕು ದಿನದಿಂದ ಕೂಸಿಗೆ ಜ್ವರ. ಓಣಿಯಲ್ಲೆಲ್ಲ ಡೆಂಗ್ಯೂ ಸುದ್ದಿ. ರಕ್ತದಲ್ಲಿ ಪ್ಲೇಟ್‌ಲೆಟ್ ಒಂದೂವರೆ ಲಕ್ಷದ ಮೇಲಿದ್ದರೆ ಹೆದರಬೇಡಿ ಎಂದಿದ್ದರು ಡಾಕ್ಟರು. ಇವತ್ತು ಬೆಳಿಗ್ಗೆ ಅತ್ತೆಯ ಜೊತೆ ಲ್ಯಾಬಿಗೆ ಹೋದರೆ, ಟೈಪು ಮಾಡಿದ ಹಾಳೆಯಲ್ಲಿ 2.6 × 105 ಎಂದಿತ್ತು. ನಿಂತಲ್ಲೇ ಗುಣಿಸಿದೆ. ಇನ್ನೂರ ಎಪ್ಪತ್ಮೂರು! ಕೂಸನ್ನು ಎದೆಗೆ ಅವಚಿಕೊಂಡು ಲ್ಯಾಬಿನ ಮುದುಕರನ್ನು ಕೂಗಿದೆ. ಅವರು ನೋಡಿ ಮರಾಠಿಯಲ್ಲಿ, “ಅಹೋ ತಾಈ, ತೋ ದಹಾಚಾ ಪಾಚವಾ ಘಾತ ಆಹೇ!” ಎಂದರು. ಹತ್ತರ ಐದನೇ ಘಾತ! ಅತ್ತೆಗೆ ಅಷ್ಟರಲ್ಲಿ ತಿಳಿದದ್ದು ಘಾತ ಮತ್ತು ಐದು. “ಅಯ್ಯೋ, ಘಾತ ಆತೇನ್ರಿ! ಅದೂ ಐದನೇದ್ದ? ಮೊದಲಿನ ನಾಲ್ಕು ಯಾವಾಗ ಆದ್ವು?” ಎಂದು ಅಲ್ಲೇ ಕುಸಿದು ಕುಳಿತರು. ನಾನೂ ಅದನ್ನೇ ನಂಬಿದೆ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವಳು ನೀನೇ! ನನಗೆ ಗೊತ್ತಿದ್ದದ್ದು ‘ಪವರ್’ ಮಾತ್ರ. ಘಾತವೆಂದರೆ ಅಪಘಾತ, ವಿಶ್ವಾಸಘಾತ, ಇಷ್ಟೇ.

ಮುದುಕರು ನಕ್ಕು, ಪೆನ್ಸಿಲ್ಲಿನಿಂದ ಆ ಐದನ್ನು ಹತ್ತರ ತಲೆಯ ಮೇಲೆ ಏರಿಸಿ ಬರೆದರು. ಅವರ ಟೈಪು ಯಂತ್ರಕ್ಕೆ ಅದು ಬರುವುದಿಲ್ಲವಂತೆ. ಎರಡು ಲಕ್ಷ ಅರವತ್ತು ಸಾವಿರ, ಅವ್ವಾ! ಹಳೆಯ ಕಾಲದ ಗಣಿತದವರು ಗುಣಿಸುವುದಕ್ಕೆ ಹೊಡೆಯುವುದು ಎನ್ನುತ್ತಿದ್ದರಂತೆ. ಘಾತವೆಂದರೆ ಹೊಡೆತ, ಹೊಡೆತವೆಂದರೆ ಗುಣಾಕಾರ. ಹತ್ತನ್ನು ಹತ್ತರಿಂದಲೇ ಹೊಡೆಯುತ್ತ ಹೋಗಿ, ಐದು ಹತ್ತುಗಳು ಸೇರಿದರೆ ಒಂದು ಲಕ್ಷ! ಇಪ್ಪತ್ತು ವರ್ಷದಿಂದ ಘಾತಾಂಕ ಕಲಿಸುತ್ತಿದ್ದೀಯಲ್ಲ, ನಿನಗೆ ಇದು ಗೊತ್ತಿತ್ತೇ? ಗೊತ್ತಿದ್ದೂ ಹೇಳದಿದ್ದರೆ ನಿನ್ನ ಜೊತೆ ಮಾತು ಬಿಟ್ಟೆ. ಅತ್ತೆಯಂತೂ ಈಗ ಓಣಿಗೆಲ್ಲ, “ನಮ್ಮ ಕೂಸಿಗೆ ಐದು ಘಾತ ಅದಾವ್ರಿ, ಭಾಳ ಚಲೋ ಅಂತ” ಎಂದು ಹೇಳಿಕೊಂಡು ಬಂದಿದ್ದಾರೆ.

ಡಾಕ್ಟರೂ ನೋಡಿದರು. ಸಾದಾ ಜ್ವರ, ಇಳಿಯುತ್ತಿದೆ ಎಂದರು. ನೀನು ರಜೆ ಹಾಕಿ ಓಡಿ ಬರಬೇಕಾಗಿಲ್ಲ.

ಅಪ್ಪನಿಗೆ ನಮಸ್ಕಾರ. ನಿನ್ನ ಪಾದಕ್ಕೆ ನನ್ನ ಹಣೆ, ಕೂಸಿನದೂ.

ನಿನ್ನ,
ಸುಮಂಗಲಾ

ತಾ.ಕ.: ಮೇಲಿನದನ್ನೆಲ್ಲ ಅತ್ತೆ ಓದಿಸಿಕೊಂಡರು. ಈಗ ಅವರು ಹಾಲು ತರಲು ಹೋಗಿದ್ದಾರೆ. ರಜೆ ಹಾಕಿ ಬಾ, ಅವ್ವಾ. ಕೂಸು ಮಲಗುತ್ತದೆ, ನಾನು ಮಲಗುತ್ತಿಲ್ಲ. ಪಕ್ಕದಲ್ಲಿ ಕುಳಿತು ಅದರ ಉಸಿರು ಎಣಿಸುತ್ತೇನೆ; ತಪ್ಪಿದರೆ ಮತ್ತೆ ಒಂದರಿಂದ. ರಿಪೋರ್ಟು ಬಂದ ಮೇಲೂ ಎಣಿಸುತ್ತಿದ್ದೇನೆ.