ರುದ್ರಾಂಬನವರ ಕಾಗದದ ನಕ್ಷತ್ರ

ಕೆಂಗುಡ್ಡದ ಪೇಟೆ,
ಇಸವಿ ೨೨೧೯, ಹದಿಮೂರನೆಯ ತಿಂಗಳ ಆರನೆಯ ದಿನ

ಪೂಜ್ಯ ರುದ್ರಾಂಬಜ್ಜಿಯವರಿಗೆ, ನಿಮ್ಮ ಮರಿಮಗಳ ಮರಿಮಗಳು ಪಾಲಮ್ಮ ಮಾಡುವ ನಮಸ್ಕಾರಗಳು.

ಮೂವತ್ತೆಂಟು ವರ್ಷದವರನ್ನು ಅಜ್ಜಿ ಎಂದು ಕರೆದದ್ದಕ್ಕೆ ಮೊದಲು ಕ್ಷಮೆ ಇರಲಿ. ನನಗೇ ಈಗ ಐವತ್ತು. ಗುರುತಿಲ್ಲದ ಪದಗಳು ಬಂದರೆ ಅದಕ್ಕೂ ಕ್ಷಮಿಸಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ಹಾಗಾಗಿ ವರ್ಷದ ಕೊನೆಗೆ ಒಂದು ತಿಂಗಳು ಹೆಚ್ಚು ಉಳಿಯಿತು. ಅದನ್ನು ಊರವರ ರಕ್ತ ಪರೀಕ್ಷೆಗೆಂದು ಬಿಟ್ಟಿದ್ದಾರೆ. ನಿಮ್ಮ ಹೊಲಿಗೆ ಡಬ್ಬಿ ನಮ್ಮ ಮನೆಯಲ್ಲಿದೆ. ಹೋದ ವಾರ ಗುಂಡಿ ಹುಡುಕುವಾಗ ಅದರ ತಳದಲ್ಲಿ ಮಡಿಸಿಟ್ಟ ಕಾಗದ ಸಿಕ್ಕಿತು. ನಿಮ್ಮ ಮೂವತ್ತೆಂಟನೆಯ ವಯಸ್ಸಿನ ರಕ್ತ ಪರೀಕ್ಷೆಯ ರಿಪೋರ್ಟು. ಹಿಮೋಗ್ಲೋಬಿನ್ ೮.೪, ಅದರ ಮಗ್ಗುಲಲ್ಲಿ ಒಂದು ನಕ್ಷತ್ರ, ಬಲತುದಿಯಲ್ಲಿ ಇರಬೇಕಾದ ಮಿತಿ: ೧೨ರಿಂದ ೧೫. ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ರವಿಕೆಯ ಅಳತೆ: ಎದೆ ಮೂವತ್ನಾಲ್ಕು, ತೋಳು ಒಂಬತ್ತು, ಕುತ್ತಿಗೆ ಹಿಂದೆ ಸ್ವಲ್ಪ ಆಳ. ದರ್ಜಿಯ ಬಳಿಗೆ ಹೋದಿರಿ ಎಂಬುದು ಇದರಿಂದ ತಿಳಿಯುತ್ತದೆ. ಡಾಕ್ಟರ ಬಳಿಗೆ ಹೋದಿರೋ ಇಲ್ಲವೋ ತಿಳಿಯುವುದಿಲ್ಲ.

ನಮ್ಮ ಊರಿನ ಬೀದಿಗಳಲ್ಲಿ ಇಪ್ಪತ್ತು ಹೆಜ್ಜೆಗೊಂದು ಕೂರುಗಲ್ಲು ಇದೆ, ನಡೆಯುವವರು ಕೂತು ಉಸಿರು ತೆಗೆದುಕೊಳ್ಳಲೆಂದು. ಯಾರ ಮನೆಯ ಮೆಟ್ಟಿಲಾದರೂ ಐದನೆಯದು ಅಗಲವಾಗಿರುತ್ತದೆ. ಅಲ್ಲಿ ಕೂರದೆ ಸೀದಾ ಹತ್ತಿದವರನ್ನು ಹಿರಿಯರು ಒರಟರೆಂದು ಬೈಯುತ್ತಾರೆ. ಮದುವೆಯಲ್ಲಿ ಹೆಣ್ಣು ಗಂಡು ಹಾರವನ್ನು ಕೂತೇ ಹಾಕಿಕೊಳ್ಳುತ್ತಾರೆ. ಕುಂಟೆಬಿಲ್ಲೆಯನ್ನು ನಾವು ಹಲಗೆಯ ಮೇಲೆ ಎರಡು ಬೆರಳಿನಲ್ಲಿ ಆಡಿ ಬೆಳೆದವರು. ಅದು ಒಂದು ಕಾಲದಲ್ಲಿ ಕುಪ್ಪಳಿಸುವ ಆಟವಾಗಿತ್ತು ಎಂದು ಓದಿ ನಕ್ಕಿದ್ದೇನೆ. ಊಟಕ್ಕೆ ತೊಟ್ಟಿಹಿಟ್ಟು, ಅಂದರೆ ನೀರಿನ ತೊಟ್ಟಿಯಲ್ಲಿ ಬೆಳೆಸುವ ಬಿಳಿಯ ಹಿಟ್ಟು. ಹೊಟ್ಟೆ ತುಂಬುತ್ತದೆ. ಇದೆಲ್ಲ ನಮ್ಮ ಸಂಪ್ರದಾಯ ಎಂದೇ ನಾನು ತಿಳಿದಿದ್ದೆ.

ನಾನು ಇಲ್ಲಿ ಮಿತಿಗಾರ್ತಿ. ವರ್ಷಕ್ಕೊಮ್ಮೆ ಊರವರೆಲ್ಲರ ಅಂಕಿಗಳನ್ನು ಸಾಲಾಗಿ ಜೋಡಿಸಿ, ತೀರಾ ಕೆಳಗಿನ ಕೆಲವರನ್ನೂ ತೀರಾ ಮೇಲಿನ ಕೆಲವರನ್ನೂ ಬಿಟ್ಟು, ಉಳಿದವರ ಎರಡು ತುದಿಗಳನ್ನು ಆ ವರ್ಷದ ಮಿತಿ ಎಂದು ಯಂತ್ರಕ್ಕೆ ಕೊಡುವುದು ನನ್ನ ಕೆಲಸ. ಮಿತಿಯ ಆಚೆ ಬಿದ್ದವರಿಗೆ ನಕ್ಷತ್ರ. ನಕ್ಷತ್ರ ಬಿದ್ದವರನ್ನು ಮಾತ್ರ ಡಾಕ್ಟರು ನೋಡಬೇಕೆಂಬುದು ಕಟ್ಟಳೆ. ಹದಿನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಕೆಳಗಿನ ಮಿತಿ ೮.೯ ಇತ್ತು. ವರ್ಷಕ್ಕೆ ಪಾಯಿಂಟ್ ಒಂದರಂತೆ ಇಳಿಸಿ ೭.೫ಕ್ಕೆ ತಂದವಳು ನಾನೇ. ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಊರೇ ಒಟ್ಟಿಗೆ ಇಳಿಯುತ್ತಿರುವಾಗ ಊರನ್ನೇ ಅಳತೆಗೋಲು ಮಾಡಿಕೊಂಡಿದ್ದೆವು. ನಿಮ್ಮ ೧೨ನ್ನು ನೋಡುವವರೆಗೆ ಅದು ನನಗೆ ಹೊಳೆದಿರಲಿಲ್ಲ.

ನನ್ನ ಮಗಳು ಓಬಕ್ಕನಿಗೆ ಹತ್ತೊಂಬತ್ತು. ಅವಳ ಅಂಕಿ ೮.೧. ನಾನು ಕೆಲಸಕ್ಕೆ ಸೇರಿದ ವರ್ಷವಾಗಿದ್ದರೆ ಅವಳಿಗೆ ನಕ್ಷತ್ರ ಬೀಳುತ್ತಿತ್ತು. ಮೂರನೆಯ ಮೆಟ್ಟಿಲಿಗೇ ಕೂರುತ್ತಾಳೆ. ಮಲಗಿದ್ದಾಗಲೂ ಎದೆ ಡವಡವ ಎನ್ನುತ್ತದೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿ. ಕೇಳಿದರೆ, “ಎಲ್ಲಾರಿಗೂ ಇರಂಗೆ ನಂಗೂ ಐತೆ, ಬಿಡವ್ವ” ಎನ್ನುತ್ತಿದ್ದಳು. ನಾನೂ ಪ್ರತಿವರ್ಷ ಅವಳ ಮುಂದೆ ಕಾಗದ ಹಿಡಿದು, “ನಕ್ಷತ್ರ ಇಲ್ಲ ನೋಡು, ಮೈ ಬಗ್ಗಿಸಿ ಕೆಲ್ಸ ಮಾಡು” ಎಂದಿದ್ದೇನೆ. ಇದನ್ನು ಬರೆಯುವಾಗ ಅಳು ಬರಬೇಕಿತ್ತು. ಬರುತ್ತಿಲ್ಲ. ಕೈ ತಣ್ಣಗಿದೆ, ಅಷ್ಟೇ.

ಪರೀಕ್ಷಾಲಯದ ಅಟ್ಟದಲ್ಲಿ ನಿಮ್ಮ ಕಾಲದ ಒಂದು ಕೈಪಿಡಿ ಇದೆ. ಯಾರೂ ತೆರೆಯದ ಪುಸ್ತಕ. ಅದನ್ನು ಇಳಿಸಿ ಓದಿದೆ. ನಕ್ಷತ್ರ ಬಿದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲವಂತೆ. ಮಿತಿಯಿಂದ ಕೂದಲೆಳೆಯಷ್ಟು ಆಚೀಚೆ ಆದರೆ ಎಷ್ಟೋ ಸಲ ಏನೂ ಇರುವುದಿಲ್ಲ, ಡಾಕ್ಟರನ್ನು ಕೇಳಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರೆ ಸಾಕಾಗಬಹುದು. ಆದರೆ ಅಂಕಿ ಬಹಳ ಕೆಳಗಿದ್ದರೆ, ಅಥವಾ ಸಲಸಲಕ್ಕೂ ಇಳಿಯುತ್ತಿದ್ದರೆ, ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಕೂತಲ್ಲೇ ಏದುಸಿರು, ತಲೆತಿರುಗಿ ಬೀಳುವುದು, ಎದೆನೋವು, ಕಪ್ಪು ಮಲ, ಇವು ಕಂಡರೆ ಅದೇ ದಿನ ಹೋಗಬೇಕು. ಇನ್ನೊಂದು ಸಾಲನ್ನು ಎರಡು ಸಲ ಓದಿದೆ: ಕಾಗದದಲ್ಲಿ ಎಲ್ಲ ಸರಿಯಿದ್ದರೂ ಮೈ ಸರಿಯಿಲ್ಲವೆಂದರೆ ಮೈಯ ಮಾತು ಕೇಳಿ ಹೋಗಬೇಕು.

ಈ ವರ್ಷದ ಲೆಕ್ಕ ೭.೪ಕ್ಕೆ ಬಂದಿತ್ತು. ನಿನ್ನೆ ನಾನು ಯಂತ್ರಕ್ಕೆ ೧೨ ಎಂದು ಕೊಟ್ಟೆ. ನಮ್ಮ ಊರಿನ ಒಂಬೈನೂರು ಹೆಂಗಸರಲ್ಲಿ ಎಂಟುನೂರ ತೊಂಬತ್ತನಾಲ್ಕು ಮಂದಿಗೆ ನಕ್ಷತ್ರ ಬಿತ್ತು. ಡಾಕ್ಟರ ಕಚೇರಿಯಿಂದ ಫೋನು ಬಂತು: “ಪಾಲಮ್ಮಾರೆ, ಮಿಷಿನ್ ಕೆಟ್ಟೈತಾ?” “ಇಷ್ಟು ದಿನ ಕೆಟ್ಟಿತ್ತು, ಈಗ ಸರಿಹೋಗೈತೆ” ಎಂದೆ. ಸಂಜೆಗೆ ಡಾಕ್ಟರು ಹೇಳಿ ಕಳಿಸಿದರು, ಮಲಗಿದರೂ ಎದೆ ಹೊಡೆದುಕೊಳ್ಳುವವರು ಮೊದಲು ಬರಲಿ ಎಂದು. ಓಬಕ್ಕನ ಸರದಿ ನಾಳೆ ಬೆಳಿಗ್ಗೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ಓಬಕ್ಕನ ಈ ವರ್ಷದ ಕಾಗದವನ್ನು ಅವಳ ಕೈಗೆ ಕೊಟ್ಟೆ. ನಕ್ಷತ್ರದ ಮೇಲೆ ಬೆರಳಿಟ್ಟಳು. ಆಮೇಲೆ, “ಹಂಗಾರೆ ನಾನು ಸೋಮಾರಿ ಅಲ್ವೇನವ್ವ?” ಎಂದಳು.

ಅಜ್ಜಿ, ನಿಮ್ಮನ್ನೂ ಯಾರೋ ಹಾಗೆ ಅಂದಿರಬಹುದು. ನೀವೇ ಅಂದುಕೊಂಡಿರಲೂಬಹುದು. ನಿಮ್ಮ ಕಾಲದಲ್ಲಿ ನಕ್ಷತ್ರ ತಾನಾಗಿಯೇ ಬೀಳುತ್ತದೆ, ಡಾಕ್ಟರು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ ಇದ್ದಾರೆ. ನನ್ನದು ಒಂದೇ ಕೋರಿಕೆ. ಆ ರವಿಕೆ ಹೊಲಿಸಿಕೊಳ್ಳಿ, ಅದನ್ನೇ ತೊಟ್ಟುಕೊಂಡು ಡಾಕ್ಟರ ಹತ್ತಿರ ಹೋಗಿ, ಆ ರಿಪೋರ್ಟು ಕೈಯಲ್ಲಿರಲಿ. ಅಳತೆಯನ್ನು ಬೇರೆ ಯಾವುದಾದರೂ ಚೀಟಿಯಲ್ಲಿ ಬರೆದುಕೊಂಡರಾಯಿತು.

ನಿಮ್ಮ ಪಾಲಮ್ಮ